ನಮ್ಮ ರಾಜಧಾನಿಯ ತಂಡ: ಹೈದರಾಬಾದ್ ಸಿಟಿ ಪೊಲೀಸ್

ಭಾಗ 1

2021ರ ಆಗಸ್ಟ್ 22ರಂದು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ 82 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಹೆಸರು ಸೈಯದ್ ಶಾಹಿದ್ ಹಕೀಂ. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತ ಫುಟ್‌ಬಾಲ್ ತಂಡದಾಗ ಇದ್ದವರು. ವಾಯುಸೇನೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದವರು. ಫಿಫಾ ಮಾನ್ಯತೆ ಇದ್ದ ರೆಫ್ರಿ. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಅವರ ಜೊತೆ ಸಹಾಯಕ ಕೋಚ್. 2017ರಲ್ಲಿ ಧ್ಯಾನ್ ಚಂದ್ ಪ್ರಶಸ್ತಿ ಬಂತು.

ಇಷ್ಟು ದೊಡ್ಡ ಮನುಷ್ಯ ನಮ್ಮೂರಿನಾಗ ಕಣ್ಣು ಮುಚ್ಚಿದ ಸುದ್ದಿ ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ಆವಾಗ ನಾವೆಲ್ಲ ಸ್ಕೂಲಿನಾಗ, ಆನ್‌ಲೈನ್ ಕ್ಲಾಸಿನ ಗದ್ದಲದಾಗ ಇದ್ವಿ, ಬಿಡ್ರಿ.

ಆದ್ರ ಅವರ ಅಪ್ಪನ ಹೆಸರು ನಿಮಗ ಖಂಡಿತ ಗೊತ್ತದ. 2024ರಾಗ ಬಂದ 'ಮೈದಾನ್' ಸಿನಿಮಾದಾಗ ಅಜಯ್ ದೇವಗನ್ ಮಾಡಿದ ಪಾತ್ರ ಯಾರದು? ಸೈಯದ್ ಅಬ್ದುಲ್ ರಹೀಂ. ಮಂದಿ ಪ್ರೀತಿಯಿಂದ ರಹೀಂ ಸಾಬ್ ಅಂತಿದ್ದ ಕೋಚ್. ಹಕೀಂ ಅವರು ಅವರ ಮಗ.

ಸಿನಿಮಾ ಭಾರತ ತಂಡದ ಕತಿ ಹೇಳ್ತದ. ನಾನು ಹೇಳಬೇಕಂತಿರೋದು ಅದರ ಹಿಂದಿನ ತಂಡದ ಕತಿ. ಆ ತಂಡದ ಹೆಸರು ಹೈದರಾಬಾದ್ ಸಿಟಿ ಪೊಲೀಸ್. ಬಾರ್ಸಾ, ಮ್ಯಾಡ್ರಿಡ್ ಸ್ಟೋರಿ ಹಾಕೋ ನನ್ನ ದೋಸ್ತ್ರು "ನಮ್ಮ ಕಡಿ ಫುಟ್‌ಬಾಲಿಗೆ ಇತಿಹಾಸ ಎಲ್ಲಿ ಅದ?" ಅಂತ ಕೇಳ್ತಾರಲ್ಲ, ಅವರಿಗಾಗಿ ಈ ಸರಣಿ. ಉದ್ದ ಅದ. ಸೇವ್ ಮಾಡಿ ಇಟ್ಟುಕೊಂಡು ಬಸ್ಸಿನಾಗ ಓದ್ರಿ.

ಭಾಗ 2

ಮೊದಲ ಪ್ರಶ್ನೆ: ಹೈದರಾಬಾದಿನ ತಂಡ ನಮ್ಮದು ಹೆಂಗಾತು?

ನಕಾಶೆ ತೆಗೀರಿ. ಈಗಿನದಲ್ಲ, 1950ರದು. ಅದರಾಗ ಕಲಬುರಗಿ ಮೈಸೂರು ರಾಜ್ಯದಲ್ಲಿ ಇಲ್ಲ. ಗುಲ್ಬರ್ಗಾ, ಬೀದರ್, ರಾಯಚೂರು, ಈ ಮೂರೂ ಹೈದರಾಬಾದ್ ರಾಜ್ಯದ ಜಿಲ್ಲೆಗಳು. 1948ರ ಸೆಪ್ಟೆಂಬರ್ ತನಕ ನಿಜಾಮರ ಆಳ್ವಿಕೆ, ಆಮೇಲೆ ಭಾರತದೊಳಗಿನ ಹೈದರಾಬಾದ್ ರಾಜ್ಯ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ಮಾತ್ರ ನಮ್ಮ ಕನ್ನಡ ಭಾಗ ಮೈಸೂರಿಗೆ ಸೇರಿತು. ಹಂಗಂದ್ರ ಆ ದಿನದ ತನಕ ಕಮಲಾಪುರದ ರೈತನಿಗೆ ರಾಜಧಾನಿ ಅಂದ್ರ ಬೆಂಗಳೂರಲ್ಲ, ಹೈದರಾಬಾದ್. ದೊಡ್ಡ ಕೋರ್ಟ್ ಅಲ್ಲೇ. ದೊಡ್ಡ ಆಸ್ಪತ್ರೆ ಅಲ್ಲೇ. ಓದಬೇಕಂದ್ರ ಉಸ್ಮಾನಿಯಾ ವಿಶ್ವವಿದ್ಯಾಲಯ ಅಲ್ಲೇ. ಚಲಾವಣೆಯಲ್ಲಿದ್ದ ರೊಕ್ಕವೂ ಬೇರೆ, ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿ ಕೊಟ್ಟರ ಸುಮಾರು ಆರು ಬ್ರಿಟಿಷ್ ಇಂಡಿಯಾ ರೂಪಾಯಿ. (ಬಿಕಾಂ ಮಂದಿಗೆ ಇಂಥದ್ದು ಕೇಳಿದ ಕೂಡಲೆ ಎಕ್ಸ್‌ಚೇಂಜ್ ರೇಟಿನ ಲೆಕ್ಕ ಮಾಡಬೇಕು ಅನಿಸ್ತದ.)

ಈಗಲೂ ಕಮಲಾಪುರದಿಂದ ಹುಮನಾಬಾದ್ ರಸ್ತೆ ಹಿಡಿದು ಮುಂದಕ್ಕ ಹೋದರ ಹೈದರಾಬಾದ್. ಬೆಂಗಳೂರು ಅದರ ಎರಡು ಪಟ್ಟಿಗಿಂತ ದೂರ. ಮದುವಿ ಜವಳಿಗೆ, ದೊಡ್ಡ ಕಾಯಿಲೆಗೆ ನಮ್ಮ ಮಂದಿ ಇವತ್ತಿಗೂ ಹತ್ತೋದು ಹೈದರಾಬಾದ್ ಬಸ್ಸೇ.

ನಕಾಶೆ ಬದಲಾದಾಗ ಇತಿಹಾಸದ ಪುಸ್ತಕವೂ ಬದಲಾತು. ಮೈಸೂರು ರಾಜ್ಯದ ಆಟದ ಇತಿಹಾಸ ಕರ್ನಾಟಕದ ಇತಿಹಾಸ ಆತು. ಹೈದರಾಬಾದಿನದ್ದು ಮೊದಲು ಆಂಧ್ರದ್ದು, ಆಮೇಲೆ ತೆಲಂಗಾಣದ್ದು ಆತು. ನಡುವೆ ನಾವು. ನಮಗ 'ಹೈದರಾಬಾದ್ ಕರ್ನಾಟಕ' ಅಂತ ಹೆಸರು ಉಳೀತು, 2019ರಲ್ಲಿ ಅದೂ 'ಕಲ್ಯಾಣ ಕರ್ನಾಟಕ' ಆತು. ಹೆಸರು ಚಂದ ಅದ, ನನ್ನ ತಕರಾರಿಲ್ಲ. ಆದ್ರ ಹಳೇ ಹೆಸರಿನ ಜೊತೆ ಏನೇನು ಗಂಟು ಕಟ್ಟಿ ಅಟ್ಟಕ್ಕ ಹಾಕಿದ್ವಿ ಅಂತ ಒಮ್ಮೆ ಬಿಚ್ಚಿ ನೋಡಬೇಕು.

ಭಾಗ 3

ತಂಡದ ಕತಿಗೆ ಮೊದಲು ಎರಡು ಕಪ್ಪುಗಳ ಬಗ್ಗೆ ತಿಳ್ಕೊಳ್ರಿ, ಇಲ್ಲಂದ್ರ ಗೆದ್ದಿದ್ದರ ತೂಕ ಗೊತ್ತಾಗೋದಿಲ್ಲ.

ಡ್ಯುರಾಂಡ್ ಕಪ್ ಶುರುವಾಗಿದ್ದು 1888ರಲ್ಲಿ, ಶಿಮ್ಲಾದಾಗ. ಬ್ರಿಟಿಷ್ ಸೈನಿಕರ ಸಲುವಾಗಿ. ರೋವರ್ಸ್ ಕಪ್ 1891ರಿಂದ, ಬಾಂಬೆಯಲ್ಲಿ. ಈಗ ಒಂದು ಹೋಲಿಕೆ. ಸ್ಪೇನಿನ ಅತಿ ಹಳೇ ಫುಟ್‌ಬಾಲ್ ಕ್ಲಬ್ ಯಾವುದು? ಮ್ಯಾಡ್ರಿಡ್ ಅಲ್ಲ, ಬಾರ್ಸಾ ಅಲ್ಲ. ಹ್ಯುಯೆಲ್ವಾ ಅನ್ನೋ ಊರಿನ ರಿಕ್ರಿಯಾಟಿವೊ. 1889ರಲ್ಲಿ ರಿಯೊ ಟಿಂಟೊ ಗಣಿ ಕಂಪನಿಯ ಬ್ರಿಟಿಷ್ ಮಂದಿ ಕಟ್ಟಿದ್ದು. ಈಗ ಕೆಳಗಿನ ಡಿವಿಷನ್ನಿನಲ್ಲಿ ಒದ್ದಾಡ್ತಿದ್ದರೂ ಆ ಊರಿನ ಮಂದಿ ಅದನ್ನ 'ಎಲ್ಲರಿಗಿಂತ ಹಿರಿಯ' ಅಂತಲೇ ಕರೀತಾರ. ನಮ್ಮ ಡ್ಯುರಾಂಡ್ ಕಪ್ ಅದಕ್ಕಿಂತ ಒಂದು ವರ್ಷ ಹಿರೀದು! ಹಿರಿತನದ ಲೆಕ್ಕಕ್ಕ ಬಂದರ ನಾವು ಯಾರಿಗೂ ಕಡಿಮಿ ಇಲ್ಲ.

ರೋವರ್ಸ್ ಕಪ್ಪನ್ನ ಮೊದಲ ನಲವತ್ತೈದು ವರ್ಷ ಬ್ರಿಟಿಷ್ ರೆಜಿಮೆಂಟುಗಳೇ ಹಂಚಿಕೊಂಡವು. 1923ರಲ್ಲಿ ಕಲ್ಕತ್ತಾದ ಮೋಹನ್ ಬಗಾನ್ ಫೈನಲ್ ತನಕ ಹೋಗಿ ಸೋತಿತು. ಕೊನೆಗೆ ಅದನ್ನ ಗೆದ್ದ ಮೊದಲ ಭಾರತೀಯ ತಂಡ ಯಾವುದು ಗೊತ್ತೇನು? ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ. ಫೈನಲ್‌ನಲ್ಲಿ ಸೋಲಿಸಿದ್ದು ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗನ್ನ, ಆವಾಗ ಅದು ದೇಶದ ಅತಿ ಬಲಿಷ್ಠ ತಂಡ. 1938ರಲ್ಲಿ ಮತ್ತೆ ಗೆದ್ದರು, ಈ ಸಲ ಒಂದು ಬ್ರಿಟಿಷ್ ರೆಜಿಮೆಂಟಿನ ಮೇಲೆ. 1948ರಲ್ಲಿ ಮೂರನೇ ಸಲ.

ಅಂದ್ರ ಕರ್ನಾಟಕಕ್ಕ ಫುಟ್‌ಬಾಲ್ ಬಂದಿದ್ದು 2013ರಲ್ಲಿ ಬೆಂಗಳೂರು ಎಫ್‌ಸಿ ಜೊತೆ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಹೆಚ್ಚಿನವರು ಬರಿಗಾಲಿನಾಗ ಆಡಿದ ಪಂದ್ಯ ಅದು. ಸಿಕ್ಕ ಎರಡು ಪೆನಾಲ್ಟಿ ಹಾಳು ಮಾಡಿಕೊಂಡು 2–1ರಿಂದ ಸೋತರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10 ಗೋಲು ಹೊಡೆದಾಗ ನಮ್ಮ ಕಡೆಯಿಂದ ಒಂದೇ ಒಂದು ಗೋಲು ಹೊಡೆದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ.

ಆದ್ರ ನೋಡ್ರಿ, ಆ ಹೊತ್ತಿನಾಗ ಬೆಂಗಳೂರು ನಮ್ಮ ಭಾಗಕ್ಕ ಪರರಾಜ್ಯ. ನಮ್ಮ ರಾಜಧಾನಿಯ ತಂಡದ ಸರದಿ ಆಮೇಲೆ ಬಂತು.

ಭಾಗ 4

ರಹೀಂ ಸಾಬ್ ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಾಗ. ವೃತ್ತಿಯಿಂದ ಶಾಲಾ ಮಾಸ್ತರು. ಉಸ್ಮಾನಿಯಾದಲ್ಲಿ ಬಿಎ ಮಾಡಿ, ಆಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿದವರು. ನಮ್ಮ ಪಿಟಿ ಮಾಸ್ತರ ಇದ್ದಂಗ ಅನ್ಕೋರಿ. ಹೈದರಾಬಾದ್ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿ ಆದರು, ಸಿಟಿ ಪೊಲೀಸ್ ತಂಡಕ್ಕ ತರಬೇತಿ ಕೊಟ್ಟರು, ದೇಶದ ತಂಡಕ್ಕೂ ಕೊಟ್ಟರು.

ಅವರು ಕಲಿಸಿದ್ದು ಏನು ಅನ್ನೋದು ಮುಖ್ಯ. ಆ ಕಾಲದ ಭಾರತದಾಗ ಎರಡು ಆಟ ಇದ್ದವು. ಒಂದು ಬ್ರಿಟಿಷ್ ಸೈನಿಕರದು: ಚೆಂಡನ್ನ ಎತ್ತಿ ದೂರ ಒದಿ, ಓಡಿ ಹೋಗಿ ಡಿಕ್ಕಿ ಹೊಡಿ. ಇನ್ನೊಂದು ನಮ್ಮವರದು: ಚೆಂಡು ಸಿಕ್ಕರ ಸಾಕು, ನಾಲ್ಕು ಮಂದಿಯನ್ನ ದಾಟಿಸಿ ಚಪ್ಪಾಳೆ ಗಿಟ್ಟಿಸೋದು. ರಹೀಂ ಸಾಬ್ ಎರಡನ್ನೂ ಬ್ಯಾಡಂದರು. ಚೆಂಡು ನೆಲದ ಮೇಲೆ ಇರಬೇಕು, ಬಂದ ಕೂಡಲೆ ಒಂದೇ ಸ್ಪರ್ಶದಾಗ ಗೆಳೆಯನಿಗೆ ಹೋಗಬೇಕು, ಕೊಟ್ಟವನು ನಿಂತಲ್ಲೇ ನಿಲ್ಲದೆ ಖಾಲಿ ಜಾಗಕ್ಕ ಓಡಬೇಕು.

ಇದನ್ನ ಭಾಷಣ ಮಾಡಿ ಹೇಳಲಿಲ್ಲ. ಅದಕ್ಕಂತಲೇ ಟೂರ್ನಮೆಂಟ್ ಇಟ್ಟರು. ಒಂದರಾಗ ಡ್ರಿಬಲ್ ಮಾಡೋ ಹಂಗಿಲ್ಲ, ಬರೀ ಪಾಸ್. ಇನ್ನೊಂದರಾಗ ಬಲಗಾಲಿನವರು ಎಡಗಾಲಿನಲ್ಲೇ ಆಡಬೇಕು. ಹುಡುಗರಿಗೆ ಆಟ, ಅವರಿಗೆ ಪಾಠ. ಮಾಸ್ತರ ಬುದ್ಧಿ ಅಂದ್ರ ಇದು ನೋಡ್ರಿ! ನಮಗೆ ಕಾಸ್ಟ್ ಅಕೌಂಟಿಂಗ್ ಇಂಗ ಯಾರರ ಕಲಿಸಿದ್ದರ ಎಷ್ಟು ಚಂದ ಇರ್ತಿತ್ತು.

ಹುಡುಗರನ್ನ ಹುಡುಕೋದ್ರಾಗೂ ಅವರು ಗಟ್ಟಿ. ಸಿಕಂದರಾಬಾದ್ ಹತ್ತಿರದ ಅಮ್ಮುಗುಡ ಅನ್ನೋ ಹಳ್ಳಿಯ ತುಳಸಿದಾಸ್ ಬಲರಾಂ ಮನಿಯಲ್ಲಿ ಬಡತನ. ಬೂಟಿಗೆ ರೊಕ್ಕ ಇರಲಿಲ್ಲ, ಪೊಲೀಸರು ಬಿಸಾಕಿದ ಹಳೇ ಬೂಟನ್ನ ಚಮ್ಮಾರನ ಹತ್ತಿರ ರಿಪೇರಿ ಮಾಡಿಸಿ ಹಾಕ್ಕೊಂಡ ಅಂತ ಹೇಳ್ತಾರ. ಪಟ್ಟಣಕ್ಕ ಬಂದು ಅಭ್ಯಾಸ ಮಾಡಬೇಕಂದ್ರ ದಿನಾ ಸೈಕಲ್ ಬಾಡಿಗಿ ಬೇಕು. ಆ ಬಾಡಿಗಿ ರೊಕ್ಕವನ್ನ ರಹೀಂ ಸಾಬರೇ ಕೊಟ್ಟರಂತ. ಆ ಹುಡುಗ ಮುಂದೆ 1956 ಮತ್ತು 1960ರ ಒಲಿಂಪಿಕ್ಸ್ ಆಡಿದ, 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಾಗಿದ್ದ. 2023ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಭಾಗ 5

ಈ ಭಾಗ ಬರೀಬೇಕೋ ಬ್ಯಾಡೋ ಅಂತ ಎರಡು ದಿನ ಯೋಚಿಸ್ದೆ. ಯಾಕಂದ್ರ ಹಿಂದಿನ ಪೋಸ್ಟ್ ನೋಡಿದ ದೋಸ್ತ್ ಒಬ್ಬ ನೇರವಾಗಿ ಕೇಳಿದ: "ನಿಜಾಮನ ಪೊಲೀಸರ ತಂಡಾನ ನಮ್ಮದು ಅಂತ ಹೆಂಗ ಹೇಳ್ತಿ? ನಮ್ಮ ಅಜ್ಜಂದಿರು ಆ ಕಾಲದಾಗ ಏನು ಪಟ್ಟಾರ ಗೊತ್ತದ ಇಲ್ಲ?"

ಗೊತ್ತದ. ನಮ್ಮ ಭಾಗದ ಯಾವ ಮನೀಗೆ ಹೋದರೂ ರಜಾಕಾರರ ಕತಿ ಅದ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರಲ್ಲಿ ಆದ ಹತ್ಯಾಕಾಂಡ ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 17ಕ್ಕ ಪ್ರತಿ ವರ್ಷ ಧ್ವಜ ಹಾರಿಸ್ತೀವಿ, ಅದಕ್ಕ ಕಾರಣ ಅದ.

ಆದ್ರ ಆ ವರ್ಷದ ಇನ್ನೊಂದು ಪುಟವೂ ನಮ್ಮ ಜಿಲ್ಲೆಯದ್ದೇ. ಪೊಲೀಸ್ ಕಾರ್ಯಾಚರಣೆ ಆದಮ್ಯಾಲೆ ಪಂಡಿತ್ ಸುಂದರಲಾಲ್ ನೇತೃತ್ವದಾಗ ಒಂದು ಸಮಿತಿ ಹಳ್ಳಿ ಹಳ್ಳಿ ತಿರುಗಿ ವರದಿ ಬರೀತು. ದಶಕಗಟ್ಟಲೆ ಮುಚ್ಚಿಟ್ಟ ಆ ವರದಿ ಮಂದಿಗೆ ಓದಲಿಕ್ಕೆ ಸಿಕ್ಕಿದ್ದು 2013ರಲ್ಲಿ. ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ಅತಿ ಹೆಚ್ಚು ಹಿಂಸೆ ನಡೆದ ಜಿಲ್ಲೆಗಳು ಅಂತ ಅದು ನಾಲ್ಕು ಹೆಸರು ಹೇಳ್ತದ: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದು ಅಂತ ಸಮಿತಿಯ ಅಂದಾಜು.

ಎರಡೂ ನಡೆದಾವ. ಒಂದನ್ನ ಹೇಳಿ ಇನ್ನೊಂದನ್ನ ಬಿಟ್ಟರ ಅರ್ಧ ಲೆಡ್ಜರ್ ತೋರಿಸಿ ಆಡಿಟ್ ಮುಗಿಸಿದಂಗ.

ಈಗ ಇಸವಿ ಮಾತ್ರ ನೋಡ್ರಿ. 1948 ಸೆಪ್ಟೆಂಬರ್. ಅದಾಗಿ ಎರಡು ವರ್ಷ ಆಗೋದ್ರಾಗ, 1950ರಲ್ಲಿ, ಹೈದರಾಬಾದಿನ ಪೊಲೀಸ್ ತಂಡ ಬಾಂಬೆಗೆ ಹೋಗ್ತದ. ಊರು ಸುಟ್ಟ ವಾಸನಿ ಇನ್ನೂ ಹೋಗಿಲ್ಲ. ತಂಡದಾಗ ಮುಸ್ಲಿಮ್ ಹುಡುಗರೇ ಹೆಚ್ಚು, ಜೊತೆಗೆ ಬೇರೆಯವರೂ ಇದ್ದರು. ದೇಶದ ಪೇಪರುಗಳಾಗ ಹೈದರಾಬಾದ್ ಅಂದ್ರ ಎರಡು ವರ್ಷದಿಂದ ಬರೀ ಕೆಟ್ಟ ಸುದ್ದಿ. ಅಂಥಾ ಹೊತ್ತಿನಾಗ ಅದೇ ಹೆಸರು ಆಟದ ಪುಟಕ್ಕ ಬಂತು. ನಾನು ಆ ತಂಡಾನ ನಮ್ಮದು ಅನ್ನೋದು ನಿಜಾಮನ ಮೇಲಿನ ಪ್ರೀತಿಗಲ್ಲ. ಅವರು ಗೆದ್ದ ಕಾಲಕ್ಕ ನಿಜಾಮನ ಆಳ್ವಿಕೆ ಮುಗಿದಿತ್ತು. ಅವರು ಆಡಿದ್ದು ನಮ್ಮ ಅಜ್ಜ ಬದುಕಿದ್ದ ರಾಜ್ಯದ ಹೆಸರಿನಾಗ.

ಭಾಗ 6

ಈಗ ಆಟ.

1950ರಲ್ಲಿ ರೋವರ್ಸ್ ಕಪ್ ಗೆದ್ದರು. 1951ರಲ್ಲಿ ಮತ್ತೆ. 1952, 1953, 1954. ಸತತ ಐದು ವರ್ಷ. ಅಂಥ ಸಾಧನೆ ಅದಕ್ಕ ಮೊದಲು ಯಾವ ಬ್ರಿಟಿಷ್ ರೆಜಿಮೆಂಟೂ ಮಾಡಿರಲಿಲ್ಲ, ಆಮೇಲೆ ಕಲ್ಕತ್ತಾದ ದೊಡ್ಡ ಕ್ಲಬ್ಬುಗಳೂ ಮಾಡಲಿಲ್ಲ. 2000ದ ಹೊತ್ತಿಗೆ ಆ ಟೂರ್ನಮೆಂಟೇ ನಿಂತು ಹೋತು, ಹಂಗಾಗಿ ಆ ದಾಖಲೆ ಇನ್ನು ಯಾರೂ ಮುರಿಯೋ ಹಂಗೂ ಇಲ್ಲ.

1950ರಲ್ಲೇ ಡ್ಯುರಾಂಡ್ ಕಪ್ ಕೂಡ, ಫೈನಲ್‌ನಲ್ಲಿ ಮೋಹನ್ ಬಗಾನ್ ಮೇಲೆ. ಮೋಹನ್ ಬಗಾನ್ ಅಂದ್ರ ಆವಾಗಲೂ ಈವಾಗಲೂ ಮೋಹನ್ ಬಗಾನೇ. ಲಕ್ಷಗಟ್ಟಲೆ ಅಭಿಮಾನಿ, ಮೈದಾನ, ದೊಡ್ಡ ಮಂದಿಯ ಬೆಂಬಲ. ಇವರು ಯಾರು? ಬೆಳಿಗ್ಗೆ ಪರೇಡು, ಡ್ಯೂಟಿ ಇರೋ ಪೊಲೀಸರು.

ನೂರ್ ಮೊಹಮ್ಮದ್ ಹೆಸರು ನೆನಪಿಡ್ರಿ. ಈ ತಂಡದ ಹಾಫ್‌ಬ್ಯಾಕ್, 1952 ಮತ್ತು 1956 ಎರಡೂ ಒಲಿಂಪಿಕ್ಸ್ ಆಡಿದವರು. ರಕ್ಷಣೆಯಾಗ ಅಜೀಜುದ್ದೀನ್. ಮುಂದೆ ಯೂಸುಫ್ ಖಾನ್ ಬಂದರು, 1962ರ ಜಕಾರ್ತಾ ಚಿನ್ನದ ತಂಡದಾಗ ಇದ್ದವರು.

ನನಗ ಅತಿ ಇಷ್ಟ ಆಗೋದು 1954ರ ಡ್ಯುರಾಂಡ್ ಫೈನಲ್. ದೆಹಲಿಯಾಗ. ಒಂದು ಕಡಿ ಹೈದರಾಬಾದ್ ಸಿಟಿ ಪೊಲೀಸ್. ಇನ್ನೊಂದು ಕಡಿ? ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಈಗಿನ ಎಚ್‌ಎಎಲ್. ಪೊಲೀಸರು ಗೆದ್ದರು.

ಸ್ವಲ್ಪ ತಡೀರಿ, ಇದನ್ನ ಹಂಗೇ ದಾಟಬ್ಯಾಡ್ರಿ. ಆ ದಿನ ಗುಲ್ಬರ್ಗಾದ ಚಹಾ ಅಂಗಡಿಯಲ್ಲಿ ಯಾರಾದರೂ ರೇಡಿಯೊ ಕೇಳ್ತಾ ಕೂತಿದ್ದರ ಅವರು ಯಾರಿಗೆ ಕೂಗಬೇಕಿತ್ತು? ಭಾಷೆ ನೋಡಿದರ ಬೆಂಗಳೂರಿಗೆ. ರಾಜ್ಯ ನೋಡಿದರ ಹೈದರಾಬಾದಿಗೆ. ಎರಡು ವರ್ಷ ಕಳೆದ ಮ್ಯಾಲೆ ಅದೇ ಪಂದ್ಯ ನಡೆದಿದ್ದರ ಉತ್ತರ ಉಲ್ಟಾ ಆಗ್ತಿತ್ತು. ನಮ್ಮ ಭಾಗದ ಇತಿಹಾಸವನ್ನ ಒಂದೇ ಪಂದ್ಯದಾಗ ಹೇಳು ಅಂದ್ರ ನಾನು ಇದನ್ನೇ ಹೇಳ್ತೀನಿ. ಇವತ್ತಿಗೂ ಬೆಂಗಳೂರಿನಾಗ ನಾವು ಮಾತಾಡಿದರ "ನೀವು ಯಾವ ಕಡೆಯವರು, ಆಂಧ್ರನಾ?" ಅಂತ ಕೇಳ್ತಾರ. ಹೈದರಾಬಾದಿಗೆ ಹೋದರ "ಕರ್ನಾಟಕವಾಲೇ" ಅಂತಾರ. ಆ ಫೈನಲ್‌ನಲ್ಲಿ ಎರಡೂ ಕಡಿ ನಮ್ಮವರೇ ಇದ್ದರು ಅಂತ ಅನ್ಕೊಳ್ಳೋ ಹಕ್ಕು ದೇಶದಾಗ ಯಾರಿಗಾದ್ರೂ ಇದ್ದರ ಅದು ನಮಗೇ.

ಭಾಗ 7

ಇದು ಸಣ್ಣ ಭಾಗ, ಎರಡೇ ತಾರೀಖು.

1956ರ ನವೆಂಬರ್ 1: ಹೈದರಾಬಾದ್ ರಾಜ್ಯ ನಕಾಶೆಯಿಂದ ಹೋತು. ಕನ್ನಡ ಜಿಲ್ಲೆಗಳು ಮೈಸೂರಿಗೆ, ಮರಾಠಿ ಜಿಲ್ಲೆಗಳು ಬಾಂಬೆಗೆ, ತೆಲುಗು ಜಿಲ್ಲೆಗಳು ಆಂಧ್ರಕ್ಕ.

1956ರ ಡಿಸೆಂಬರ್ 1: ಸರಿಯಾಗಿ ಒಂದು ತಿಂಗಳು. ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನ ಅವರ ನೆಲದಲ್ಲೇ 4–2ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋತು. ನೆವಿಲ್ ಡಿಸೋಜಾ ಮೂರು ಗೋಲು. ಕೋಚ್ ರಹೀಂ. ತಂಡದಾಗ ಹೈದರಾಬಾದಿನ ಅಜೀಜುದ್ದೀನ್, ನೂರ್ ಮೊಹಮ್ಮದ್, ಜುಲ್ಫಿಕರುದ್ದೀನ್, ಬಲರಾಂ. ಮೈಸೂರು ರಾಜ್ಯದಿಂದ ಕೆಂಪಯ್ಯ. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಸೋಲಿಸಿದವು. ನಾಲ್ಕನೇ ಸ್ಥಾನ.

ಆ ಋತುವಿನ ಸಂತೋಷ್ ಟ್ರೋಫಿಯನ್ನೂ 'ಹೈದರಾಬಾದ್' ಹೆಸರಿನ ತಂಡವೇ ಗೆದ್ದಿತು. ಅದರ ಮುಂದಿನ ಋತುವಿನಲ್ಲೂ. ಆ ಹೆಸರಿನ ರಾಜ್ಯ ಆಗಲೇ ಇರಲಿಲ್ಲ.

ಭಾಗ 8

ಪೊಲೀಸ್ ತಂಡ ಒಂದೇ ಏಟಿಗೆ ಬೀಳಲಿಲ್ಲ. 1957ರಲ್ಲಿ ರೋವರ್ಸ್, ಡ್ಯುರಾಂಡ್ ಎರಡೂ ಗೆದ್ದರು. ಹೆಸರು ಆಂಧ್ರ ಪ್ರದೇಶ ಪೊಲೀಸ್ ಅಂತಾತು. 1961ರಲ್ಲಿ ಮತ್ತೊಂದು ಡ್ಯುರಾಂಡ್. ಒಟ್ಟು ನಾಲ್ಕು ಡ್ಯುರಾಂಡ್, ಒಂಬತ್ತು ರೋವರ್ಸ್. ಆದ್ರ 1963ರ ಜೂನ್ 11ರಂದು ರಹೀಂ ಸಾಬ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಜಕಾರ್ತಾದ ಚಿನ್ನ ಗೆದ್ದು ಒಂಬತ್ತು ತಿಂಗಳು ಆಗಿತ್ತು ಅಷ್ಟೇ. ಅಲ್ಲಿಂದ ಇಳಿಜಾರು.

ಒಬ್ಬ ಕೋಚ್ ಹೋದ ಕೂಡಲೆ ತಂಡ ಯಾಕ ಸಾಯಬೇಕು? ಇಲ್ಲಿ ನನ್ನ ಬಿಕಾಂ ಬುದ್ಧಿ ಓಡ್ತದ, ತಾಳ್ಕೋರಿ.

ಕಂಪನಿ ಕಾನೂನಿನ ಮೊದಲ ಪಾಠ ನೆನಪದ? ಕಂಪನಿಗೆ ಪ್ರತ್ಯೇಕ ಕಾನೂನು ವ್ಯಕ್ತಿತ್ವ, ನಿರಂತರ ಅಸ್ತಿತ್ವ. ಸದಸ್ಯರು ಸತ್ತರೂ ಕಂಪನಿ ಸಾಯೋದಿಲ್ಲ. ಕ್ಲಬ್ಬೂ ಹಂಗೇ, ಅದಕ್ಕ ಸದಸ್ಯರಿದ್ದಾರ, ಹೆಸರಿನ ಮೇಲೆ ಆಸ್ತಿ ಇರ್ತದ, ಸಾಲ ಇರ್ತದ. ಸಾಲ ಇದ್ದರೂ ಪರವಾಗಿಲ್ಲ, ಯಾಕಂದ್ರ ಸಾಲ ಕೊಟ್ಟವನಿಗೂ ಕ್ಲಬ್ ಉಳೀಬೇಕು ಅಂತ ಆಸೆ ಇರ್ತದ! ಪೊಲೀಸ್ ತಂಡಕ್ಕ ಇದ್ಯಾವುದೂ ಇಲ್ಲ. ಅದು ಇಲಾಖೆಯ ಒಂದು ಚಟುವಟಿಕೆ ಅಷ್ಟೇ. ಆಟಗಾರ ಅಂದ್ರ ಆಟದ ಮೇಲೆ ನೇಮಕ ಆದ ಪೊಲೀಸ್. ಅವನಿಗೆ ಅದು ಭಾಳ ದೊಡ್ಡದು: ತಿಂಗಳ ಪಗಾರ, ಪಿಂಚಣಿ, ಮನೀಗೆ ಮರ್ಯಾದಿ. ನಮ್ಮ ಕ್ಲಾಸಿನಾಗ ಎಷ್ಟು ಮಂದಿ ಪಿಸಿ, ಪಿಎಸ್‌ಐ ಪರೀಕ್ಷೆಗೆ ಓದ್ತಿದ್ದೀರಿ, ನಿಮಗ ನಾನು ಹೇಳಬೇಕೇನು? ಬಡ ಹುಡುಗನಿಗೆ ಆ ಕಾಲದಾಗ ಫುಟ್‌ಬಾಲ್ ಅಂದ್ರ ಸರ್ಕಾರಿ ನೌಕರಿಗೆ ಒಂದು ಬಾಗಿಲು. ತಂಡ ಅಷ್ಟು ಬಲವಾಗಿದ್ದುದಕ್ಕೂ ಅದೇ ಕಾರಣ, ಬಿದ್ದಾಗ ಎಬ್ಬಿಸಲಿಕ್ಕೆ ಯಾರೂ ಬಾರದ್ದಕ್ಕೂ ಅದೇ ಕಾರಣ. ಆಟಗಾರರ ನೇಮಕದ ಫೈಲ್ ಮುಂದಕ್ಕ ಹೋಗದಿದ್ದರ ಹೊಸ ಹುಡುಗ ಬರೋದಿಲ್ಲ. ಮೇಲಿನ ಸಾಹೇಬರಿಗೆ ಆಟದ ಹುಚ್ಚು ಇಲ್ಲದಿದ್ದರ ಫೈಲ್ ಮುಂದಕ್ಕ ಹೋಗೋದಿಲ್ಲ. ಊರಿನವರು ಒಟ್ಟಾಗಿ ಚಂದಾ ಎತ್ತಿ ತಂಡ ಉಳಿಸ್ತೀವಿ ಅಂದರೂ ಕೊಳ್ಳಲಿಕ್ಕೆ ಒಂದು ಷೇರೂ ಇಲ್ಲ.

ಅತ್ತ ಕಲ್ಕತ್ತಾದ ಕ್ಲಬ್ಬುಗಳು ರೊಕ್ಕ ಕೊಟ್ಟು ಕರೀತಿದ್ದವು. ಬಲರಾಂ 1957ರಲ್ಲೇ ಈಸ್ಟ್ ಬೆಂಗಾಲಿಗೆ ಹೋದರು. ಆಮೇಲಿನ ಪೀಳಿಗೆಯ ಮೊಹಮ್ಮದ್ ಹಬೀಬ್, ನಯೀಮುದ್ದೀನ್ ಎಲ್ಲರೂ ಹೈದರಾಬಾದಿನವರೇ, ಹೆಸರು ಮಾಡಿದ್ದು ಕಲ್ಕತ್ತಾದಾಗ. 1977ರಲ್ಲಿ ಪೆಲೆ ಕಲ್ಕತ್ತಾಕ್ಕ ಬಂದಾಗ ಎದುರು ಆಡಿದ ಮೋಹನ್ ಬಗಾನ್ ತಂಡದಾಗ ಹಬೀಬ್ ಇದ್ದರು.

ಭಾಗ 9

ಸ್ಪೇನಿಗೆ ಮತ್ತೆ ಹೋಗೋಣ, ಯಾಕಂದ್ರ 'ಯಾರದು ಈ ತಂಡ?' ಅನ್ನೋ ಪ್ರಶ್ನೆಗೆ ಅಲ್ಲಿ ಎರಡು ಒಳ್ಳೆ ಉತ್ತರ ಅವ.

ರಿಕ್ರಿಯಾಟಿವೊ ಬಗ್ಗೆ ಹೇಳಿದ್ನಲ್ಲ, ಅದು ತೆರಿಗೆ ಬಾಕಿ, ಸಾಲದಾಗ ಮುಳುಗಿ ಮುಚ್ಚೋ ಸ್ಥಿತಿಗೆ ಬಂತು. 2016ರಲ್ಲಿ ಹ್ಯುಯೆಲ್ವಾದ ನಗರಸಭೆ ಮಾಲೀಕರ ಷೇರುಗಳನ್ನ ಸ್ವಾಧೀನ ಮಾಡ್ಕೊಂಡು ಕ್ಲಬ್ ಉಳಿಸಿತು. ನಾವು ರಸ್ತೆ ಅಗಲ ಮಾಡಲಿಕ್ಕೆ ಜಮೀನು ಸ್ವಾಧೀನ ಮಾಡೋದು ನೋಡೀವಿ, ಅವರು ಫುಟ್‌ಬಾಲ್ ಕ್ಲಬ್ ಸ್ವಾಧೀನ ಮಾಡಿದರು!

ಇನ್ನೊಂದು ಐಬಾರ್. ಬಾಸ್ಕ್ ಪ್ರದೇಶದ ಸಣ್ಣ ಊರು, ಇಪ್ಪತ್ತೇಳು ಸಾವಿರದಷ್ಟು ಮಂದಿ. 2014ರಲ್ಲಿ ಅವರ ತಂಡ ಲಾ ಲಿಗಾಕ್ಕ ಏರಿತು. ಸಾಲ ಒಂದು ಪೈಸಾ ಇರಲಿಲ್ಲ. ಆದ್ರ ನಿಯಮ ಏನಂದ್ರ ಎರಡನೇ ಡಿವಿಷನ್ನಿನ ಕ್ಲಬ್ಬುಗಳ ಸರಾಸರಿ ಖರ್ಚಿನ ಕಾಲು ಭಾಗದಷ್ಟು ಷೇರು ಬಂಡವಾಳ ಇರಬೇಕು. ಇವರಿಗೆ ಸುಮಾರು 17 ಲಕ್ಷ ಯೂರೊ ಕಡಿಮಿ ಬಿತ್ತು. ಕಟ್ಟದಿದ್ದರ ಗೆದ್ದು ಬಂದಿದ್ದರೂ ಕೆಳಕ್ಕ ತಳ್ತಾರ. ಶಿಸ್ತಿನಿಂದ ಇದ್ದದ್ದಕ್ಕೇ ಶಿಕ್ಷೆ! ಅವರು ಒಂದಕ್ಕ 50 ಯೂರೊದಂಗ ಷೇರು ಮಾರಿದರು. ಹತ್ತಾರು ದೇಶದ ಅಪರಿಚಿತ ಮಂದಿ ಕೊಂಡರು, ಕ್ಲಬ್ ಉಳೀತು. ಪ್ರೊಫೆಸರ್ ಈ ಸಲ 'ಷೇರು ನೀಡಿಕೆ'ಗೆ ಉದಾಹರಣೆ ಕೇಳಿದರ ಇದನ್ನ ಬರೀರಿ, ಮಾರ್ಕ್ಸ್ ಬರ್ತಾವ.

ಬರೀ ಷೇರು ಇದ್ದರ ಸಾಕು ಅಂತಲ್ಲ ಮತ್ತ. ಹೈದರಾಬಾದಿಗೆ 2019ರಲ್ಲಿ ಹೊಸ ತಂಡ ಬಂತು, ಹೈದರಾಬಾದ್ ಎಫ್‌ಸಿ, ಪುಣೆಯ ಕ್ಲಬ್ಬಿನ ಜಾಗಕ್ಕ. 2022ರಲ್ಲಿ ಐಎಸ್‌ಎಲ್ ಗೆದ್ದಿತು. ಎರಡು ವರ್ಷ ಆಗೋದ್ರಾಗ ಆಟಗಾರರ ಸಂಬಳ ಬಾಕಿ. 2025ರಲ್ಲಿ ತಂಡ ದೆಹಲಿಗೆ ಹೋತು. ಪೊಲೀಸ್ ತಂಡಕ್ಕ ಷೇರು ಇರಲಿಲ್ಲ, ಆದ್ರ ಊರು ಇತ್ತು. ಇದಕ್ಕ ಷೇರು ಇತ್ತು, ಊರು ಯಾವುದಾದರೂ ನಡೀತಿತ್ತು.

ಭಾಗ 10

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನ 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದ ಮ್ಯಾಲೆ. ಟಿವಿಯವರು 'ಮೈಸೂರು ರಾಜ್ಯ 1968–69ರಲ್ಲಿ ಗೆದ್ದಿತ್ತು' ಅಂತ ಹೇಳಿದರು. ಸರಿಯಾದ ಲೆಕ್ಕ. ಆ ಹೊತ್ತಿಗೆ ನಾವೂ ಮೈಸೂರು ರಾಜ್ಯದಾಗ ಇದ್ವಿ. ಮೈಸೂರಿನ 1946–47ರ ಗೆಲುವು ಮಾತ್ರ ನಮ್ಮದಲ್ಲ, ಆ ಲೆಕ್ಕದಾಗ ಹೈದರಾಬಾದ್ ಪೊಲೀಸರ 1950 ನಮ್ಮದು. ಎರಡನ್ನೂ ಇಟ್ಟುಕೊಳ್ರಿ ಅಂತ ನನ್ನ ಮಾತು. ಇಟ್ಟುಕೊಳ್ಳಲಿಕ್ಕೆ ರೊಕ್ಕ ಬೀಳೋದಿಲ್ಲ.

ನಮ್ಮ ಕಡಿ ಕ್ರಿಕೆಟ್ ಬಿಟ್ಟು ಬೇರೆ ಆಟ ಆಡೋ ಹುಡುಗ ಹುಡುಗಿಯರನ್ನ ಮಂದಿ ವಿಚಿತ್ರವಾಗಿ ನೋಡ್ತಾರ. ಕಲಬುರಗಿಯ ಮೈದಾನಗಳಾಗ ಸಂಜೀಕ ಹೋಗಿ ನೋಡ್ರಿ, ಹತ್ತು ಕ್ರಿಕೆಟ್ ಪಿಚ್‌ಗಳ ನಡುವೆ ಎರಡು ಕಲ್ಲಿಟ್ಟು ಗೋಲು ಮಾಡಿಕೊಂಡು ಆಡೋ ಒಂದು ಗುಂಪು ಇರ್ತದ. ಅವರು ಯಾರದೋ ಪರದೇಶದ ಆಟ ಆಡ್ತಿಲ್ಲ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಅಜ್ಜ, ಮುತ್ತಜ್ಜ, ಓಣಿಯ ಹಿರಿಯರು ಯಾರಾದರೂ ನಿಜಾಮರ ಕಾಲದಾಗ ಅಥವಾ 1956ರ ಮೊದಲು ಹೈದರಾಬಾದ್ ರಾಜ್ಯದ ಪೊಲೀಸ್‌ನಲ್ಲಿ, ರೈಲ್ವೆಯಲ್ಲಿ, ಗುಲ್ಬರ್ಗಾದ ಮಹಬೂಬ್ ಶಾಹಿ ಮಿಲ್ಲಿನಲ್ಲಿ ನೌಕರಿ ಮಾಡಿದವರು ಇದ್ದರ ಕೇಳ್ರಿ: ಅಲ್ಲಿ ಫುಟ್‌ಬಾಲ್ ಆಡ್ತಿದ್ದರೇನು, ಯಾರ ಜೊತೆ ಪಂದ್ಯ ಆಗ್ತಿತ್ತು, ಮೈದಾನ ಎಲ್ಲಿತ್ತು. ಆ ವಯಸ್ಸಿನವರು ಈಗ ತೊಂಬತ್ತರ ಹತ್ತಿರ ಇದ್ದಾರ, ಇನ್ನು ಐದು ವರ್ಷ ಬಿಟ್ಟು ಕೇಳ್ತೀವಿ ಅಂದ್ರ ಉತ್ತರ ಹೇಳಲಿಕ್ಕೆ ಯಾರೂ ಉಳಿದಿರೋದಿಲ್ಲ. ಉರ್ದುವಿನಾಗ ಹೇಳಿದರ ಉರ್ದುವಿನಾಗೇ ರೆಕಾರ್ಡ್ ಮಾಡ್ರಿ, ಬರಕೊಳ್ಳೋದು ಆಮೇಲೆ ನೋಡೋಣ. ಟ್ರಂಕಿನಾಗ ಸಾಲಾಗಿ ನಿಂತ ಹುಡುಗರ ಕಪ್ಪು ಬಿಳುಪು ಫೋಟೊ ಸಿಕ್ಕರ ಹಿಂದೆ ತಿರುಗಿಸಿ ನೋಡ್ರಿ, ಹೆಸರು ಬರೆದಿರ್ತಾರ. ಎರಡೂ ಬದಿ ಫೋಟೊ ತೆಗೆದು ನನಗ ಮೆಸೇಜ್ ಮಾಡ್ರಿ.